ಬೂಟಿನೊಳಗಿನ ಕೆಂಡ

ನಮ್ಮ ಗಾಜಿನ ಕಾರ್ಖಾನೆಗೆ ಇರುವುದು ಒಂದೇ ಕಾನೂನು. ಗಾಜು ಊದುವ ಕೊಳವೆ ಹಿಡಿದವನು ಆಕಾಶ ಕಳಚಿಬಿದ್ದರೂ ಅದನ್ನು ತಿರುಗಿಸುವುದು ನಿಲ್ಲಿಸಬಾರದು. ನಿಲ್ಲಿಸಿದರೆ ತುದಿಯಲ್ಲಿರುವ ಬಿಸಿ ಗಾಜು ಒಂದು ಪಕ್ಕಕ್ಕೆ ಜೋತುಬೀಳುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಕಾನೂನು ಮಾಡಿದವರು ನನ್ನ ಗಂಡ. ಅದನ್ನು ತುಟಿಪಿಟಕ್ಕೆನ್ನದೆ ಪಾಲಿಸುವವನು ನನ್ನ ಮೈದುನ. ಇಬ್ಬರಿಗೂ ಬಡಿಸಿ, ಇಬ್ಬರನ್ನೂ ಬೈಯುವವಳು ನಾನು.

ಆ ದಿನ ಸೊಂಟದೆತ್ತರದ ಒಂದು ಹೂಜಿ ಆಗಬೇಕಿತ್ತು. ಅಷ್ಟು ದೊಡ್ಡದನ್ನು ನಮ್ಮ ಕಡೆ ಯಾರೂ ಊದಿದವರಿಲ್ಲ. ಸರಿಯಾಗಿ ಬಂದರೆ ವಸ್ತುಸಂಗ್ರಹಾಲಯದಲ್ಲಿಟ್ಟು ಕೆಳಗೆ ಇವರ ಹೆಸರು ಕೆತ್ತಿಸುತ್ತಾರಂತೆ. ಹಿಂದೆ ಊದಲು ಹೋದ ಎರಡೂ ಸೀಳಿಹೋಗಿದ್ದವು. ಅಂದಿನಿಂದ ಇವರಿಗೆ ಮೂಗಿನ ತುದಿಯಲ್ಲೇ ಕೋಪ. ಎದುರಾಡಿದ ಕೆಲಸದವನೊಬ್ಬನ ಹಲ್ಲು ಮುರಿದರು, ಅವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಉಳಿದವನು ತಮ್ಮ ಒಬ್ಬನೇ. ಅಣ್ಣ ಹಾಕಿದ ಗೆರೆ ದಾಟಿದವನಲ್ಲ.

ಗಾಜು ಹಿಗ್ಗಿ ದೊಡ್ಡದಾಗಿತ್ತು. ಮೈದುನ ಕೊಳವೆಯ ತುದಿಯನ್ನು ಮೇಲೆತ್ತಿದಾಗ ಅದರಿಂದ ಕಾದ ಗಾಜಿನ ಒಂದು ತೊಟ್ಟು ಕಳಚಿ ಅವನ ಬೂಟಿನೊಳಗೆ ಬಿತ್ತು. ಮೊದಲು ಚರ್ಮದ ಬೂಟಿನ ವಾಸನೆ ಬಂತು. ಆಮೇಲೆ ಬಂದದ್ದು ಬೂಟಿನದಲ್ಲ. ಅವನು ಕಿರುಚಲಿಲ್ಲ. ಕೊಳವೆಯನ್ನು ಮೆಲ್ಲಗೆ ಇಳಿಸಿ ಬೆಂಚಿಗೆ ಒರಗಿಸಿ ತಿರುಗಿಸುತ್ತಲೇ ಇದ್ದ. ಕಚ್ಚಿದ ತುಟಿಯಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು.

"ರೀ, ಅವನ ಕಾಲು ಸುಡ್ತಿದೆ!" ಎಂದು ಕೂಗಿದೆ.

ಒದ್ದೆ ಹಲಗೆಯಿಂದ ಗಾಜು ತೀಡುತ್ತಿದ್ದ ಇವರು ಒಮ್ಮೆ ಕೆಳಗೆ ನೋಡಿದರು. ಬೂಟಿನಿಂದ ಹೊಗೆ ಏಳುತ್ತಿತ್ತು.

"ಇನ್ನೊಂಚೂರು. ತಿರುಗ್ಸೋ."

ನನ್ನ ಮೈಯೆಲ್ಲ ಉರಿದುಹೋಯಿತು. ಕುಲುಮೆಯ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ಎತ್ತಿ, ಎರಡೂ ಕೈಯಲ್ಲಿ ಬೀಸಿ ಹೂಜಿಗೆ ಬಾರಿಸಿದೆ. ಆರಿ ಗಟ್ಟಿಯಾಗತೊಡಗಿದ್ದ ಅದು ಒಡೆದು ಚೆಲ್ಲಾಪಿಲ್ಲಿಯಾಯಿತು. ಒಂದು ಚೂರು ಇವರ ಕೆನ್ನೆಯನ್ನು ಸೀಳಿತು.

"ಮನೆಹಾಳಿ!" ಎನ್ನುತ್ತ ಇವರು ನನ್ನ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದರು. ಕಣ್ಣು ಕತ್ತಲೆಗಟ್ಟಿತು. ಎರಡನೇ ಏಟು ಬೀಳಲಿಲ್ಲ. ಮೈದುನ ಒಂಟಿ ಕಾಲಲ್ಲಿ ಕುಂಟುತ್ತ ಬಂದು ಕೊಳವೆಯಿಂದಲೇ ಅಣ್ಣನ ಭುಜಕ್ಕೆ ಬಾರಿಸಿದ್ದ. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು.

"ಅತ್ತಿಗೆ ಮೇಲೆ ಕೈ ಮಾಡ್ತೀಯಾ?" ಎಂದವನೇ ಕುಸಿದುಬಿದ್ದ.

ಗಾಜು ಕತ್ತರಿಸುವ ಕತ್ತರಿಯಿಂದ ಬೂಟು ಸೀಳಿದೆ. ಕಾಲುಚೀಲದ ಜೊತೆ ಚರ್ಮವೂ ಕಿತ್ತುಬಂತು. ಅವನ ಕೂಗು ಈಗ ಹೊರಬಿತ್ತು. ನೀರಿನ ಬಕೆಟ್ಟಿನಲ್ಲಿ ಕಾಲು ಮುಳುಗಿಸಿದೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ನನ್ನನ್ನೇ ದಬಾಯಿಸಿದ.

"ಯಾಕತ್ತಿಗೆ ಒಡೆದ್ರಿ? ತಡ್ಕೋತಿದ್ದೆ. ಅಣ್ಣನ ಹೆಸರು ಬರ್ತಿತ್ತು."

ಇಂಥ ಪೆದ್ದನಿಗೆ ಏನು ಹೇಳುವುದು? ಅವನ ಕೆನ್ನೆಗೂ ಒಂದು ಬಿಗಿಯಬೇಕೆನಿಸಿತು. ತಬ್ಬಿಕೊಂಡು ಅಳಬೇಕೆಂದೂ ಅನಿಸಿತು.

ಇವರು ಜೋತುಬಿದ್ದ ತೋಳನ್ನು ಹಿಡಿದುಕೊಂಡು ಬಂದು ಬಕೆಟ್ಟಿನ ಪಕ್ಕ, ಗಾಜಿನ ಚೂರುಗಳ ಮೇಲೆಯೇ ಮಂಡಿಯೂರಿದರು. ಪ್ಯಾಂಟು ಕೆಂಪಾಗತೊಡಗಿತು, ಅವರಿಗೆ ಅದರ ಪರಿವೆಯಿಲ್ಲ.

"ಹೆಸರಿಗೆ ಬೆಂಕಿ ಬೀಳ್ಲಿ ಕಣೋ," ಎಂದರು. "ನಾನು ಹೊಗೆ ನೋಡ್ದೆ. ಗೊತ್ತಿಲ್ದೆ ಅಲ್ಲ, ನೋಡೇ ತಿರುಗ್ಸು ಅಂದೆ."

ಮೈದುನ ಕಣ್ಣು ಮುಚ್ಚಿಕೊಂಡ.

"ನಂಗೊತ್ತಣ್ಣ. ನೀನು ಹೊಗೆ ನೋಡಿದ್ದನ್ನ ನಾನೂ ನೋಡ್ದೆ. ನೋಡಿಯೂ ಬೇಕು ಅಂದ್ಯಲ್ಲ, ಅದಕ್ಕೇ ತಿರುಗಿಸ್ದೆ."

ಇವರು ನೆಲಕ್ಕೆ ಹಣೆ ಚಚ್ಚಿಕೊಂಡು ಗೋಳೋ ಎಂದು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ನನ್ನ ತಲೆಗೆ ಬಿದ್ದ ಏಟಿನ ವಿಚಾರ ಬೇರೆಯೇ ಇದೆ, ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಈಗ ಅಳಲಿ ಎಂದು ಬಿಟ್ಟು, ಆಸ್ಪತ್ರೆಗೆ ಗಾಡಿ ಹಿಡಿಯಲು ಬೀದಿಗೆ ಓಡಿದೆ.