ಮಣಿಗಾಗಿ ಮನೆ ನೋಡಲು ಬಂದವಳು

ದಿಂಡಿಗಲ್ಲಿನ ನಾಯಿ ಆಶ್ರಯದವರು ಕೇಳಿದ ಕೂಡಲೇ ನಾಯಿ ಎತ್ತಿಕೊಡುವವರಲ್ಲ. ಮೊದಲು ಮನೆ ನೋಡಬೇಕು, ಮನೆಯವರನ್ನು ವಿಚಾರಿಸಬೇಕು, ಆಮೇಲೆ ಸಹಿ. ನನ್ನ ಮದುವೆಗೆ ಇಷ್ಟು ವಿಚಾರಣೆ ನಡೆದಿದ್ದರೆ ಪಿಚ್ಚೈ ಎಂಬ ನನ್ನ ಗಂಡನಿಗೆ ಹೆಣ್ಣೇ ಸಿಗುತ್ತಿರಲಿಲ್ಲ.

ನನಗೆ ಬೇಕಾದದ್ದು ಮಣಿ. ಆರು ವರ್ಷದ ಪೊಮೆರೇನಿಯನ್, ಯಾರೋ ಮನೆ ಬದಲಾಯಿಸುವಾಗ ಬಿಟ್ಟುಹೋದದ್ದು. ನೋಡಲು ಹೋದ ದಿನ ನನ್ನ ಸೆರಗಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಆವತ್ತಿನಿಂದ ನನಗೆ ಅದೇ ಬೇಕು, ಬೇರೆ ಬೇಡ.

ಗೇಟಿನ ಕೆಳಗಿನ ಸಂದಿಗೆ ಬಲೆ ಹೊಡೆಸಿದೆ. ಗಂಡನ ಬಾಯಿಗೆ ಏನು ಹೊಡೆಸುವುದು? ತಮಿಳು ಸೀಮೆಯ ನಮ್ಮ ಉತ್ತಮಪಾಳಯಂ ಕಡೆ, ಮನೆಯಲ್ಲಿ ಕನ್ನಡವಾಡುವ ಗಂಡಸರು ಹೊರಗಿನವರ ಮುಂದೆ ತಮಿಳಿನಲ್ಲಿ ಮೀಸೆ ತಿರುವುತ್ತಾರೆ. ಮರುಕ, ಭಯ, ಹೊಟ್ಟೆನೋವು ಎಲ್ಲ ಮನೆಮಾತಿಗೆ ಮೀಸಲು. ಅದು ಯಾರಿಗೂ ತಿಳಿಯದೆಂಬ ಧೈರ್ಯ.

ಆಶ್ರಯದಿಂದ ನಿವೇತಾ ಎಂಬ ಹುಡುಗಿ ಬಂದಳು. ನಾಯಿ ಎಲ್ಲಿ ಮಲಗುತ್ತದೆ ಎಂದು ತಮಿಳಿನಲ್ಲಿ ಕೇಳಿದಳು. ನಾಯಿಯೆಂದರೆ ಬಾಳೆತೋಟದಲ್ಲಿ ಬಿದ್ದಿರಬೇಕು, ಮನೆಯೊಳಗೆ ಅದಕ್ಕೇನು ಕೆಲಸ ಎಂದು ಯಜಮಾನರು ತಮಿಳಿನಲ್ಲೇ ಗುಡುಗಿದರು. ಅವಳ ಪೆನ್ನು ನಿಂತಿತು. ಮಣಿ ಕೈತಪ್ಪಿತು ಎಂದುಕೊಂಡೆ.

ಅಷ್ಟರಲ್ಲಿ ಅವರು ಮೂಲೆಯ ಮಂಚವನ್ನೊಮ್ಮೆ ನೋಡಿ, ನನ್ನ ಕಡೆ ವಾಲಿ ಕನ್ನಡದಲ್ಲಿ, "ಅದು ಸಿಡ್ಲಿಗೆ ಹೆದರ್ತದಾ ಕೇಳು. ಹೆದರಿದ್ರೆ ನನ್ ಕಟ್ಲು ಪಕ್ಕಾನೇ ಮಲಗ್ಲಿ," ಎಂದರು.

ನಿವೇತಾಳ ತುಟಿಯಂಚಿನಲ್ಲಿ ನಗು ಅಲುಗಿತು. ಓಹೋ, ಕನ್ನಡ ತಿಳಿಯುತ್ತದೆ, ಹುಡುಗಿ ನಮ್ಮ ಜನವೇ! ಗಂಡನಿಗೆ ಹೇಳಬಹುದಿತ್ತು. ಯಾಕೆ ಹೇಳಲಿ? ಕನ್ನಡದಲ್ಲೇ ಇನ್ನಷ್ಟು ಕೆದಕಿದೆ.

"ನೆಲ ತಣ್ಗದೆ. ಹಾಸಕ್ಕೇನದೆ?"

"ನನ್ ಹೊಸಾ ವೇಷ್ಟಿ ಪಂಚೇನೇ ನಾಕು ಮಡಿಕೆ ಮಾಡಿ ಮಡಗಿವ್ನಿ. ಈ ಪುಳ್ಳೆಗೆ ಹೇಳ್ಬೇಡ, ನಗ್ತದೆ," ಎಂದು ಹುಡುಗಿಯ ಕಡೆ ಕಣ್ಣುಸನ್ನೆ ಮಾಡಿದರು.

"ಊಟಕ್ಕೆ?"

"ಕೋಳೀನ ಖಾರ ಇಲ್ದೆ ಬೇಯ್ಸು. ಪಾಪ, ಅದ್ಕೆ ಹಲ್ಲು ಕಮ್ಮಿಯಂತೆ." ತಕ್ಷಣ ಗಂಟಲು ಸರಿಮಾಡಿಕೊಂಡು, ಮಿಕ್ಕಿದ್ದು ಹಾಕಿದರೆ ತಿನ್ನುತ್ತದೆ ಬಿಡಿ ಎಂದು ತಮಿಳಿನಲ್ಲಿ ಜೋರು ಮಾಡಿದರು.

ನಿವೇತಾ ಕಾಗದದಿಂದ ತಲೆಯೆತ್ತಿದಳು. "ದೊಡ್ಡಪ್ಪ," ಎಂದು ನಮ್ಮ ಮಾತಿನಲ್ಲೇ ತಡವರಿಸಿದಳು. "ನಂಗೆ ಸರಿಯಾ ಮಾತಾಡಕ್ ಬರಲ್ಲ. ಕೇಳಿದ್ರೆ ಎಲ್ಲಾ ತಿಳೀತದೆ. ತಮಿಳಲ್ ಹೇಳಿದ್ದ ಬರೀಲಾ, ಕನ್ನಡದಲ್ ಹೇಳಿದ್ದ ಬರೀಲಾ?"

ಯಜಮಾನರ ಕಿವಿ ಕೆಂಪಾಯಿತು. ನನ್ನನ್ನು ದುರುಗುಟ್ಟಿ ನೋಡಿದರು. ನಾನು ಸೂರು ನೋಡಿದೆ.

ಕೊನೆಗೆ ಮೀಸೆಯಿಂದ ಕೈ ತೆಗೆದು, ಎದುರುಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ, ಅದು ನನ್ನ ಮಂಚದ ಪಕ್ಕದಲ್ಲೇ ಮಲಗುತ್ತದೆ, ಬರೆದುಕೋ ಎಂದರು. ತಮಿಳಿನಲ್ಲಿ.