ಹತ್ತನೆಯ ಚೀಟಿ

ಅಂದು ಬೆಳಗಿನಿಂದಲೂ ನಾನು ಕಾಲು ಸುಟ್ಟ ಬೆಕ್ಕಿನಂತೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಲೆಯುತ್ತಿದ್ದೆ. ನಮ್ಮೂರು ಕುರುಮಿದಾನಿಯ ನಿಲ್ದಾಣದಲ್ಲಿ ಎಷ್ಟು ಜನ ರೈಲೇರುತ್ತಾರೆಂದು ಎಣಿಸಲು ರೈಲು ಕಂಪನಿಯವನೊಬ್ಬ ಕೈಯಲ್ಲಿ ಎಣಿಕೆಯ ಗುಂಡಿ ಹಿಡಿದು ಬಂದಿದ್ದ. ದಿನಕ್ಕೆ ಹತ್ತು ಜನರಾದರೆ ನಿಲ್ದಾಣ ಉಳಿಯುತ್ತದೆ. ಒಂಬತ್ತಾದರೆ ಮಾರ್ಚ್‌ನ ಹೊಸ ವೇಳಾಪಟ್ಟಿಯಲ್ಲಿ ನಮ್ಮ ಹೆಸರೇ ಇರುವುದಿಲ್ಲ. ರೈಲಿನ ಬಾಗಿಲ ಒಳಗಿನ ಯಂತ್ರದಿಂದ ಚೀಟಿ ಎಳೆದವರಷ್ಟೇ ಲೆಕ್ಕಕ್ಕೆ.

ನನಗೆ ನಿಲ್ದಾಣದ ಮೇಲೆ ದೊಡ್ಡ ಪ್ರೀತಿಯೇನಿಲ್ಲ. ಇಪ್ಪತ್ತೆರಡು ವರ್ಷ ಅದರ ಕಸ ಗುಡಿಸಿ ಸಾಕಾಗಿದೆ. ಆದರೆ ನನ್ನ ಗಂಡ ಯಾಸುಜಿಗೆ ವಾರಕ್ಕೆ ಮೂರು ದಿನ ಪೇಟೆಯಲ್ಲಿ ಡಯಾಲಿಸಿಸ್. ವಯಸ್ಸಾಯಿತೆಂದು ಕಾರಿನ ಲೈಸೆನ್ಸನ್ನು ಹೋದ ವರ್ಷ ಹಿಂದಿರುಗಿಸಿದ್ದಾರೆ. ನಿಲ್ದಾಣ ಮುಚ್ಚಿದರೆ ಆಸ್ಪತ್ರೆಯ ಪಕ್ಕದ ಕೋಣೆಯೊಂದರಲ್ಲಿ ಅವರು ಕೊನೆಯವರೆಗೂ ಗೋಡೆ ನೋಡುತ್ತಾ ಕೂರಬೇಕು.

ಬೆಳಗಿನ ರೈಲಿಗೆ ಅವರೂ ಸೇರಿ ಮೂವರು ಹೋಗಿದ್ದರು. ಉಳಿದದ್ದು ನಾಲ್ಕು ಗಂಟೆಯದೊಂದೇ. ಅದಕ್ಕಾಗಿ ನಾನು ಮನೆ ಮನೆಗೆ ಹೋಗಿ ತಲೆಬಾಗಿ ಬೇಡಿ ಎಂಟು ಮಂದಿಯನ್ನು ಒಪ್ಪಿಸಿದ್ದೆ. ಮುಂದಿನ ನಿಲ್ದಾಣದಲ್ಲಿ ಇಳಿದರೆ ತೋಫು ಅಂಗಡಿಯ ವ್ಯಾನು ವಾಪಸು ಕರೆತರುತ್ತಿತ್ತು. ಅದೇ ರೈಲಿನಲ್ಲಿ ಪೇಟೆಯಿಂದ ಸುಸ್ತಾಗಿ ಬರುವ ಗಂಡನನ್ನು ಹಿಡಿದಿಳಿಸಲು ನಾನು ಇಲ್ಲೇ ಉಳಿಯುವವಳು.

ಎಂಟೂ ಜನ ಹದಿನೈದು ನಿಮಿಷ ಮೊದಲೇ ಬಂದು ಸಾಲು ನಿಂತರು. ರೈಲೂ ಸರಿಯಾದ ಸಮಯಕ್ಕೇ ಬಂತು. ಆಮೇಲೆ ಶುರುವಾಯಿತು ನಮ್ಮವರ ಮರ್ಯಾದೆ. ನೀವು ಮೊದಲು, ಛೆ ಛೆ, ನೀವೇ ಮೊದಲು. ಒಬ್ಬೊಬ್ಬರೂ ತಲೆಬಾಗಿ, ಎದುರಿನವರನ್ನೂ ಬಾಗಿಸಿ, ಕೊನೆಗೆ ಬೇರೆ ದಾರಿಯಿಲ್ಲದೆ ಏರಿದರು. ಹೀಗೆ ಆರು ಜನ, ಬೆಳಗಿನವರೂ ಸೇರಿ ಒಂಬತ್ತು. ಉಳಿದವರು ನಿವೃತ್ತ ಹೆಡ್‌ಮಾಸ್ತರ್ ಓತ್ಸುಬೊ ಮತ್ತು ಬೌದ್ಧ ಗುಡಿಯ ಗುರುಗಳು. ನಲವತ್ತು ವರ್ಷದಿಂದ ಈ ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರಿಗಿಂತ ಮೊದಲು ಬಾಗಿಲು ದಾಟಿದ್ದನ್ನು ಊರು ನೋಡಿಲ್ಲ.

"ಗುರುಗಳು ದಯಮಾಡಿಸ್ಬೇಕು."

"ಮೇಷ್ಟ್ರಿದ್ದಾಗ ನಾನಾ? ಎಲ್ಲಾದರೂ ಉಂಟಾ?"

ಡ್ರೈವರ್ ಗಡಿಯಾರದತ್ತ ಬೆರಳು ತೋರಿಸಿ ಸಮಯ ಕೂಗಿದ. ಅವನು ಅರ್ಧ ನಿಮಿಷವೂ ಕಾಯುವವನಲ್ಲ. ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ಯಾಸುಜಿ ಕಂಬಿ ಹಿಡಿದು ಇಳಿದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಅವರ ತೋಳು ಹಿಡಿದೆ. ಹಿಂದಿನ ಬಾಗಿಲಲ್ಲಿ ಆ ಇಬ್ಬರೂ ಇನ್ನೂ ಬಗ್ಗುತ್ತಲೇ ಇದ್ದರು. ನನಗೆ ಮೈಯೆಲ್ಲ ಉರಿಯಿತು.

ಗಂಡನನ್ನು ದರದರನೆ ಅಲ್ಲಿಗೆ ಎಳೆದೊಯ್ದು ಅವರ ಕೈಯನ್ನು ಹೆಡ್‌ಮಾಸ್ತರ ಕೈಗೆ ತುರುಕಿದೆ.

"ಮೇಷ್ಟ್ರೇ, ಇವರನ್ನ ಹಿಡ್ಕೊಳ್ಳಿ. ಬಿಟ್ಟೀರಿ ಮತ್ತೆ."

ಇಬ್ಬರೂ ನನಗೂ ತಲೆಬಾಗಿ, ಹಾಗಾದರೆ ನೀವೇ ಮೊದಲು ಅಂದರು. ನಾನು ತಲೆ ಬಾಗಿಸಲಿಲ್ಲ. ಅರವತ್ನಾಲ್ಕು ವರ್ಷದಲ್ಲಿ ಮೊದಲ ಸಲ ದೊಡ್ಡವರನ್ನು ಮೊಣಕೈಯಿಂದ ಸರಿಸಿ ಮುಂದೆ ನುಗ್ಗಿದೆ. ಚೀಟಿ ಎಳೆದೆ. ಬೆನ್ನ ಹಿಂದೆಯೇ ಬಾಗಿಲು ಮುಚ್ಚಿತು. ಕಂಪನಿಯವನು ನನ್ನನ್ನೇ ನೋಡುತ್ತಾ ಒಂದು ಗಳಿಗೆ ತಡೆದು ಗುಂಡಿ ಒತ್ತಿದ.

ನಾನು ಕಿಟಕಿಯ ಗಾಜು ಮೇಲೆತ್ತಿದೆ. ಇಬ್ಬರು ಮುದುಕರ ನಡುವೆ ಯಾಸುಜಿ ಕಂಗಾಲಾಗಿ ನಿಂತಿದ್ದರು.

"ಸುಮಿಯೆ, ನನ್ನ ಇಲ್ಲಿ ಬಿಟ್ಟು ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ ಕಣ್ರೀ. ನಿಮ್ಮನ್ನ ಇಲ್ಲೇ ಇಟ್ಕೊಳ್ಳೋಕೆ ಹೊರಟೆ."