ಒಂದನೇ ದರ್ಜೆ

ಜೋಳದ ಮಂಡಿಯಲ್ಲಿ ಅವನು ಬರೆದ ಅಂಕಿಗೆ ಎದುರಾಡಿದವರಿಲ್ಲ. ಬೆಳಿಗ್ಗೆ ಲಾರಿಗಳು ಬಂದು ಚೀಲ ಇಳಿದ ಮೇಲೆ, ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಅಂಗೈಗೆ ಉದುರಿದ ಕಾಳನ್ನು ಬೆರಳಿನಿಂದ ಹರಡಿ ನೋಡುವನು. ಮೂಸುವನು. ಎರಡು ಕಾಳು ಬಾಯಿಗೆ ಹಾಕಿ ಕಟಕ್ಕೆಂದು ಕಡಿಯುವನು; ಆ ಸದ್ದಿನಲ್ಲೇ ಅವನಿಗೆ ತೇವ ಎಷ್ಟಿದೆಯೆಂದು ತಿಳಿಯುತ್ತಿತ್ತು. ಆಮೇಲೆ ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು ಚೀಲದ ಮೇಲೆ ಒಂದು ಅಂಕಿ ಗೀಚಿ ಮುಂದಿನ ಚೀಲಕ್ಕೆ ಹೋಗುವನು. ಒಂದು ಎಂದರೆ ಬಿತ್ತನೆಗೂ ಆದೀತು ಎನ್ನುವಂಥ ಕಾಳು. ಎರಡು, ಮೂರು ಮನುಷ್ಯರ ಊಟಕ್ಕೆ. ನಾಲ್ಕು ಕೋಳಿಗೆ. ಐದು ದನದ ಮುಂದೆ ಸುರಿಯುವುದಕ್ಕೆ.

ಮೂವತ್ತೊಂದು ವರ್ಷದಲ್ಲಿ ಅಂಕಿಯ ಪಕ್ಕ ಅವನು ಒಂದು ಮಾತು ಬರೆದವನಲ್ಲ. "ಇದ್ಯಾಕೆ ಮೂರು?" ಎಂದು ಯಾರಾದರೂ ಕೇಳಿದರೆ, "ಮೂರಾಗಿರೋದಕ್ಕೆ ಮೂರು," ಎನ್ನುವನು. ಕಾರಣ ಹೇಳಲು ನಿಂತರೆ ಸಂಜೆಯಾದರೂ ಚೀಲ ಮುಗಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಮಂಡಿಯವರೆಲ್ಲ ಅವನನ್ನು ದರ್ಜೆಯಪ್ಪ ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಮಂಡಿಯ ಹಿಂಬದಿಯ ಜಗುಲಿಯಲ್ಲಿ ಅವನ ಅಕ್ಕ ಹರಿದ ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ತಮ್ಮನಿಗೆ ಮದುವೆಯ ಯೋಗ ಕೂಡಿಬರದೆ ಇಬ್ಬರದೂ ಒಂದೇ ಒಲೆಯಾಗಿತ್ತು. ಅಕ್ಕನ ಬಾಯಿ ಎಂದರೆ ಬಾಯಿ. ಜಗುಲಿಯ ಮೇಲೆ ಕೂತು ಅವಳು ಒಂದು ಮಾತು ಎಸೆದರೆ ಚೀಲ ಹೊತ್ತ ಹಮಾಲಿ ನಗು ತಡೆಯಲಾರದೆ ಚೀಲವನ್ನೇ ಇಳಿಸಬೇಕಾಗುತ್ತಿತ್ತು. ಹಮಾಲಿಗಳ ಮೇಸ್ತ್ರಿಗೆ ಹೊಟ್ಟೆ ಬಂದದ್ದನ್ನು ಕಂಡು "ಏನಪ್ಪಾ, ಚೀಲ ಹೊರೋದು ಬೆನ್ನ ಮೇಲೆ ಅಂದುಕೊಂಡಿದ್ದೆ, ನೀನು ಮುಂದೆ ಕಟ್ಕೊಂಡಿದೀಯಲ್ಲ" ಎಂದಿದ್ದಳು. ಆ ಮಾತು ವರ್ಷಗಟ್ಟಲೆ ಮಂಡಿಯಲ್ಲಿ ಓಡಾಡಿತ್ತು.

ಹೋದ ವರ್ಷ ಆ ಬಾಯಿ ನಿಂತಿತು. ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು, ದೊಡ್ಡಾಸ್ಪತ್ರೆಯಲ್ಲಿ ದನಿಯ ಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಮನೆಗೆ ಬಂದ ಅಕ್ಕ ಊಟಕ್ಕೆ ಕರೆಯಬೇಕಾದರೆ ಸ್ಟೀಲಿನ ತಟ್ಟೆಗೆ ಚಮಚದಿಂದ ಬಡಿಯತೊಡಗಿದಳು. ಆ ಸದ್ದು ಕೇಳಿದಾಗಲೆಲ್ಲ ದರ್ಜೆಯಪ್ಪನಿಗೆ ಹಸಿವು ಹೋಗಿಬಿಡುತ್ತಿತ್ತು. ಮಂಡಿಗೆ ಬಂದರೂ ಅವಳು ತಲೆ ತಗ್ಗಿಸಿ ಹೊಲಿಯುತ್ತ ಕೂರುವಳು. ಹಮಾಲಿಗಳು ಜಗುಲಿಯ ಕಡೆ ನೋಡದೆಯೇ ಹಾದುಹೋಗುವರು.

ಪೇಟೆಬೀದಿಯ ಮೊಬೈಲ್ ಅಂಗಡಿಯ ಹೆಣ್ಣುಮಗಳೇ ದಾರಿ ತೋರಿಸಿದ್ದು. "ಬರೆದದ್ದನ್ನ ಫೋನೇ ಓದಿ ಹೇಳೋ ಆ್ಯಪ್‌ಗಳಿವೆ ಮಾಮ. ನಾಲ್ಕು ಹಾಕಿಕೊಡ್ತೀನಿ. ಒಂದೊಂದು ವಾರ ಬಳಸಿ ನೋಡಿ, ಒಗ್ಗಿದ್ದನ್ನ ಇಟ್ಕೊಳ್ಳಿ. ನೋಡಿದ ಮೇಲೆ ಕೆಳಗಡೆ ಐದು ಸ್ಟಾರ್ ಇರ್ತವೆ, ನಿಮಗೆ ಅನ್ನಿಸಿದಷ್ಟು ಒತ್ತಿ. ಮಾಡಿದೋರಿಗೆ ಅದೇ ದೊಡ್ಡ ಉಪಕಾರ."

"ಅಂದ್ರೆ ದರ್ಜೆ ಹಾಕೋದು."

"ಹೂಂ, ಅದೇ. ನಿಮ್ಮ ಕೆಲಸವೇ."

ಅವನು ಆ ಕೆಲಸವನ್ನು ಜೋಳಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದ. ಮೊದಲನೆಯ ಆ್ಯಪಿನಲ್ಲಿ ಅಕ್ಕ ಏನು ಬರೆದರೂ ಮುಂಚೆ ಒಂದು ಜಾಹೀರಾತು. ಅದು ಮುಗಿದ ಮೇಲೆ ಅವಳ ಮಾತು. ಎರಡನೆಯದರಲ್ಲಿ ಗಂಡಸಿನ ದನಿ, ಬಸ್ ನಿಲ್ದಾಣದಲ್ಲಿ ಕೂಗುವವನ ಹಾಗೆ. "ಉಪ್ಪು ಕೊಡು" ಎಂದರೆ ಯಾವುದೋ ಬಸ್ಸು ಹೊರಟಂತೆ ಕೇಳುತ್ತಿತ್ತು. ಮೂರನೆಯದು ಮಾತನ್ನು ತುಂಡು ತುಂಡು ಮಾಡಿ ಉಗುಳುತ್ತಿತ್ತು. ನಾಲ್ಕನೆಯದನ್ನು ತೆರೆದ ಸಂಜೆ ಅಕ್ಕ ಏನೋ ಬರೆದು ಒತ್ತಿದಳು. ತುಸು ಒಡಕಿನ, ನಿಧಾನದ ಹೆಣ್ಣುದನಿಯೊಂದು ಅಡುಗೆಮನೆಯಲ್ಲಿ ಹೇಳಿತು: "ಲೋ, ಬಾಯಿ ಮುಚ್ಚೋ, ನೊಣ ಹೋಗುತ್ತೆ."

ಅವನು ನಿಜವಾಗಿಯೂ ಬಾಯಿ ತೆರೆದುಕೊಂಡೇ ನಿಂತಿದ್ದ.

ಮಾರನೆಯ ಬೆಳಿಗ್ಗೆ ಮಂಡಿಗೆ ಹೊರಡುವ ಮುಂಚೆ ಕೂತು ನಾಲ್ಕಕ್ಕೂ ದರ್ಜೆ ಹಾಕಿದ. ಜಾಹೀರಾತಿನದಕ್ಕೆ ಐದು. ಬಸ್ಸಿನವನಿಗೆ ನಾಲ್ಕು. ಉಗುಳುವುದಕ್ಕೂ ನಾಲ್ಕು. ಅಕ್ಕನಿಗೆ ಬಾಯಿ ಕೊಟ್ಟದ್ದಕ್ಕೆ ಒಂದು. ಒಂದೇ ಒಂದು ನಕ್ಷತ್ರ ಹಳದಿಯಾಗಿ ಹೊಳೆದು ಉಳಿದ ನಾಲ್ಕು ಖಾಲಿಯಾಗಿಯೇ ಉಳಿದಾಗ, ಚೊಕ್ಕ ಕಾಳನ್ನು ಕಂಡಷ್ಟೇ ಸಮಾಧಾನವಾಯಿತು. ಕೆಳಗೆ ಅಭಿಪ್ರಾಯ ಬರೆಯಿರಿ ಎಂದು ಜಾಗವಿತ್ತು. ಅದನ್ನು ಅವನು ಹಾಗೆಯೇ ಬಿಟ್ಟ. ದರ್ಜೆ ಹಾಕಿದ ಮೇಲೆ ಮಾತೇಕೆ?

ಒಂದೇ ವಾರದಲ್ಲಿ ಮಂಡಿ ಮೊದಲಿನಂತಾಯಿತು. ಅಕ್ಕ ಬಲಗೈಯಲ್ಲಿ ದಬ್ಬಣ, ಎಡಗೈಯಲ್ಲಿ ಫೋನು ಹಿಡಿದು ಕೂರುವಳು. ಮೇಸ್ತ್ರಿ ಹಾದುಹೋದರೆ "ಎಷ್ಟನೇ ತಿಂಗಳು?" ಎಂದು ಜಗುಲಿಯಿಂದ ದನಿ ಬರುವುದು. ಹಮಾಲಿಗಳು ಮತ್ತೆ ಚೀಲ ಇಳಿಸಿ ನಕ್ಕರು. ಮೇಸ್ತ್ರಿಯಂತೂ ಕಣ್ಣೊರೆಸಿಕೊಂಡು, "ಬೈಯಮ್ಮಾ, ಇನ್ನೊಂದು ಬೈಯಿ. ವರ್ಷದಿಂದ ಬೈಸಿಕೊಂಡಿಲ್ಲ," ಎಂದ.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ದರ್ಜೆಯಪ್ಪ ಎಲ್ಲರನ್ನೂ ಕೂರಿಸಿ ಹೇಳಿದ: "ಈ ಆ್ಯಪ್ ಮಾಡಿದೋರಿಗೆ ನಾವು ಏನು ಕೊಟ್ಟರೂ ಕಮ್ಮಿ. ಎಲ್ಲರೂ ಫೋನ್ ತೆಗೆದು ಇದನ್ನ ಹಾಕ್ಕೊಳ್ಳಿ. ಒಂದು ಒತ್ತಿ."

ತಕ್ಕಡಿಯ ಗುಮಾಸ್ತ ಮಾತ್ರ ತಲೆ ಕೆರೆದುಕೊಂಡ. "ದರ್ಜೆಯಪ್ಪಾ, ನನ್ನ ಭಾವಮೈದ ಐದು ಒತ್ತಬೇಕು ಅಂತಿದ್ದ ಅಂತ ನೆನಪು..."

"ನಿನ್ನ ಭಾವಮೈದ ದನ ಕಾಯ್ತಾನಾ? ಐದು ಅಂದ್ರೆ ದನದ ಮೇವು ಕಣಯ್ಯ."

ಎಲ್ಲರೂ ನಕ್ಕರು. ಗುಮಾಸ್ತನೂ ನಕ್ಕು ಒಂದು ಒತ್ತಿದ. ದರ್ಜೆಯ ವಿಷಯದಲ್ಲಿ ದರ್ಜೆಯಪ್ಪನಿಗೆ ಬುದ್ಧಿ ಹೇಳುವವನು ಆ ಮಂಡಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂವತ್ತನಾಲ್ಕು ಜನ ಒತ್ತಿದರು. ಫೋನು ಬಳಸಲು ಬಾರದವರದನ್ನು ಅವನೇ ಕೈಗೆ ತೆಗೆದುಕೊಂಡು ಒತ್ತಿಕೊಟ್ಟ. ಮನೆಯಲ್ಲಿದ್ದ ಹೆಂಡತಿಯ ಫೋನಿನಿಂದಲೂ ಒತ್ತಿಸುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟ, ಒತ್ತಿಸಿಯೂ ಒತ್ತಿಸಿದ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಅಕ್ಕ ಆ್ಯಪ್ ತೆರೆದವಳು ಓದುತ್ತ ನಿಂತುಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿತು. ಅವಳು ಫೋನನ್ನು ತಮ್ಮನ ಕೈಗಿಟ್ಟಳು.

"ಈ ಆ್ಯಪನ್ನು ನಾನೊಬ್ಬಳೇ ಮಾಡಿದ್ದು," ಎಂದಿತ್ತು ಪರದೆಯ ಮೇಲೆ. "ಮಾತು ಕಳೆದುಕೊಂಡಿದ್ದ ನನ್ನ ಅಪ್ಪನಿಗಾಗಿ ಮಾಡಿದೆ. ಇದರಲ್ಲಿರುವುದು ನನ್ನ ಅಮ್ಮನ ದನಿ. ಅಪ್ಪ ಹೋದ ಮೇಲೂ ಬೇರೆಯವರಿಗೆ ಆಗಲಿ ಎಂದು ನಡೆಸಿಕೊಂಡು ಬಂದೆ. ಈಚೆಗೆ ಒಂದೇ ವಾರದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಒಂದೊಂದೇ ನಕ್ಷತ್ರ ಕೊಟ್ಟಿದ್ದೀರಿ. ಏನು ತಪ್ಪಾಯಿತೆಂದು ಒಬ್ಬರೂ ಬರೆದಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ತಿಂಗಳ ಕೊನೆಯ ದಿನ ನಿಲ್ಲಿಸುತ್ತಿದ್ದೇನೆ. ತೊಂದರೆ ಕೊಟ್ಟಿದ್ದರೆ ಕ್ಷಮಿಸಿ."

ದರ್ಜೆಯಪ್ಪ ಎರಡು ಸಲ ಓದಿದ. ಒಂದೊಂದೇ ನಕ್ಷತ್ರ ಕೊಟ್ಟದ್ದಕ್ಕೆ ಯಾಕೆ ಬೇಜಾರು? ಅರ್ಥವಾಗಲಿಲ್ಲ. ಆಮೇಲೆ ಗುಮಾಸ್ತನ ಭಾವಮೈದನ ಮಾತು ನೆನಪಾಯಿತು. ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಮೊಬೈಲ್ ಅಂಗಡಿಗೆ ಓಡಿದ.

ಅಂಗಡಿಯ ಹೆಣ್ಣುಮಗಳು ಓದಿ, ಅವನ ಮುಖ ನೋಡಿ, ಮತ್ತೆ ಓದಿದಳು. "ಮಾಮ, ನೀವು ಎಷ್ಟು ಒತ್ತಿದ್ರಿ?"

"ಒಂದು."

"ಚೆನ್ನಾಗಿಲ್ಲ ಅಂತಲಾ?"

"ಒಂದನೇ ದರ್ಜೆ ಅಂತ."

ಅವಳು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಇಲ್ಲಿ ಐದೇ ಎಲ್ಲಕ್ಕಿಂತ ಮೇಲು, ಒಂದು ಎಂದರೆ ಕಸ ಎಂದು ಮೆಲ್ಲಗೆ ಬಿಡಿಸಿ ಹೇಳಿದಳು. "ತಪ್ಪು ನಂದೂ ಇದೆ. ಹೇಳಬೇಕಿತ್ತು. ಇದು ಯಾರಿಗೆ ಗೊತ್ತಿರಲ್ಲ ಅಂದ್ಕೊಂಡೆ."

ಅವನು ಗಾಜಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡು ನಿಂತ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಚೀಲಗಳ ಮೇಲೆ ಅಂಕಿ ಬರೆದಿದ್ದ. ಒಂದು ಅಂಕಿಯಿಂದ ಯಾರದೋ ಮನೆಯ ದೀಪ ಆರುತ್ತದೆಂದು ಅಂದುಕೊಂಡವನಲ್ಲ. "ಅಳಿಸೋಕಾಗಲ್ವಾ?"

"ಬದಲಾಯಿಸಬಹುದು. ಆದರೆ ಅವರವರ ಫೋನಿಂದಲೇ ಆಗಬೇಕು. ಎಲ್ಲರನ್ನೂ ಹಿಡೀರಿ."

ಹಿಡಿಯುವುದು ಎಲ್ಲಿಂದ ಬಂತು? ಜೋಳದ ಸುಗ್ಗಿ ಮುಗಿದು ಅರ್ಧ ಹಮಾಲಿಗಳು ಬೇರೆ ಬೇರೆ ಊರಿನ ಗೋದಾಮುಗಳಿಗೆ ಹೋಗಿದ್ದರು. ದರ್ಜೆಯಪ್ಪ ಮೂರು ದಿನ ಕೊಳವೆಯನ್ನು ಗೋಡೆಗೆ ಒರಗಿಸಿ ಮನೆಮನೆ ಅಲೆದ. ಒಬ್ಬನ ಫೋನು ನೀರಿಗೆ ಬಿದ್ದಿತ್ತು. ಒಬ್ಬನದನ್ನು ಮಗಳು ಗಂಡನ ಮನೆಗೆ ಒಯ್ದಿದ್ದಳು. ಮೇಸ್ತ್ರಿ ತನ್ನದನ್ನೂ ಹೆಂಡತಿಯದನ್ನೂ ಬದಲಾಯಿಸಿ, ಆಮೇಲೆ ತನ್ನ ಮೇಲೆ ತಾನೇ ಸಿಟ್ಟುಮಾಡಿಕೊಂಡವನಂತೆ ಫೋನನ್ನು ಜೇಬಿಗೆ ತುರುಕಿದ. "ನಾವೇ ಕೈಯಾರೆ ನಿನ್ನಕ್ಕನ ಕತ್ತು ಹಿಸುಕಿದಂಗಾಯ್ತಲ್ಲೋ."

ಗುಮಾಸ್ತ ಐದು ಒತ್ತಿ ತಕ್ಕಡಿ ಒರೆಸತೊಡಗಿದ. ಆವತ್ತೇ ಹೇಳಿದ್ದೆನಲ್ಲ ಎಂದು ಚುಚ್ಚಿದ್ದರೆ ಚೆನ್ನಾಗಿತ್ತು.

ಹದಿಮೂರು ಬದಲಾದವು. ಅಂಗಡಿಯವಳ ಪಕ್ಕದ ಸ್ಟೂಲಿನ ಮೇಲೆ ಕೂತು ದರ್ಜೆಯಪ್ಪ ತನ್ನ ಐದರ ಕೆಳಗೆ ಜೀವಮಾನದಲ್ಲಿ ಮೊದಲ ಸಲ ಮಾತು ಬರೆದ. ಬೆರಳು ದಪ್ಪ, ಅಕ್ಷರ ಸಣ್ಣ. ಅರ್ಧ ಗಂಟೆ ಹಿಡಿಯಿತು. ತಾನು ಕಾಳಿಗೆ ದರ್ಜೆ ಹಾಕುವವನು, ತಮ್ಮಲ್ಲಿ ಒಂದೇ ಎಲ್ಲಕ್ಕಿಂತ ಮೇಲು, ಎಲ್ಲರಿಂದ ಒತ್ತಿಸಿದವನು ತಾನೇ, ನಿಮ್ಮ ಅಮ್ಮನ ದನಿಯಲ್ಲಿ ನಮ್ಮಕ್ಕ ಬೈಯುತ್ತಾಳೆ, ದಯವಿಟ್ಟು ನಿಲ್ಲಿಸಬೇಡಿ.

ಎರಡನೆಯ ದಿನ ಉತ್ತರ ಬಂತು. "ಅಣ್ಣ, ಓದಿ ನಗುವೂ ಬಂತು, ಅಳುವೂ ಬಂತು. ಅಮ್ಮನಿಗೂ ಓದಿ ಹೇಳಿದೆ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಆದರೆ ದನಿ ಇಡಲು ಬಾಡಿಗೆಗೆ ಪಡೆದಿದ್ದ ಸರ್ವರ್ ಜಾಗವನ್ನು ಬಿಟ್ಟುಕೊಟ್ಟು ಸಹಿ ಹಾಕಿಯಾಗಿದೆ, ನಾನು ಬೇರೆ ಕೆಲಸಕ್ಕೂ ಸೇರಿದ್ದೇನೆ. ಮತ್ತೆ ಮೊದಲಿನಿಂದ ಕಟ್ಟುವ ಶಕ್ತಿ ನನಗಿಲ್ಲ. ಅಕ್ಕನಿಗೆ ತಿಳಿಸಿ."

ಬೈದಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಇಷ್ಟು ಒಳ್ಳೆಯ ಮಾತಿನ ಮುಂದೆ ಏನು ಮಾಡುವುದು?

ಅಕ್ಕನಿಗೆ ಹೇಳಿದ್ದು ತಿಂಗಳು ಮುಗಿಯಲು ಎರಡು ದಿನ ಇರುವಾಗ. ಅವಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿ ಮುಗಿಸಿದ. ತಲೆ ಎತ್ತಿದರೆ ಅಕ್ಕನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ. ನಗುತ್ತಿದ್ದಳು. ಸದ್ದಿಲ್ಲದ ನಗು, ಅದು ನಿಲ್ಲದೆ, ಕಣ್ಣಲ್ಲಿ ನೀರಾಗಿ, ಕೊನೆಗೆ ಯಾವುದು ಯಾವುದೆಂದು ತಿಳಿಯದಂತಾಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಫೋನು ತೆಗೆದುಕೊಂಡಳು.

"ಊರಿಗೆಲ್ಲ ದರ್ಜೆ ಹಾಕೋನು ನನ್ನ ತಮ್ಮ ಅಂತ ಎಷ್ಟು ಮೆರೆದಿದ್ದೆ ನಾನು," ಎಂದಿತು ಆ ಒಡಕು ದನಿ.

"ಅಕ್ಕಾ, ಅಂಗಡಿಯವಳು ಹೇಳಿದಳು, ಬೇಕಾದ ಮಾತನ್ನೆಲ್ಲ ಈಗಲೇ ಹೇಳಿಸಿ ರೆಕಾರ್ಡ್ ಮಾಡಿ ಇಟ್ಕೋಬಹುದಂತೆ. ಊಟಕ್ಕೆ ಬಾ, ನೀರು ತಾ, ಬಾಗಿಲು ಹಾಕು..."

ಅವಳು ಬರೆದಳು. ಅಳಿಸಿದಳು. ಮತ್ತೆ ಬರೆದಳು.

"ಅಷ್ಟಕ್ಕೆ ತಟ್ಟೆ ಸಾಕು. ನಾಳೆ ನೀನು ಯಾವ ಎಡವಟ್ಟು ಮಾಡ್ತೀಯೋ ನನಗೇನು ಗೊತ್ತು, ಇವತ್ತೇ ಬೈದಿಡೋಕೆ?"

ಕೊನೆಯ ದಿನ ಅವಳು ದಬ್ಬಣ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಮಂಡಿಯಲ್ಲೆಲ್ಲ ಓಡಾಡಿ, ಸಿಕ್ಕವರ ಮುಂದೆ ನಿಂತು, ಬರೆದು ಬರೆದು ಮಾತಾಡಿದಳು. ಗುಮಾಸ್ತನ ಹತ್ತಿರ ಅವನ ಭಾವಮೈದನ ಯೋಗಕ್ಷೇಮ ಕೇಳಿದಳು. ಮೇಸ್ತ್ರಿಗೆ ಅವನ ಹೊಟ್ಟೆಯ ಬಗ್ಗೆ ಹೊಸದೊಂದು ಮಾತು ಹೇಳಿದಳು. ಅವನು ನಗಲು ಹೋಗಿ ಆಗದೆ ಆಚೆ ತಿರುಗಿ ಮೂಗು ಸೀಟಿಕೊಂಡ. ದರ್ಜೆಯಪ್ಪ ದೂರದಲ್ಲಿ ಚೀಲದ ಮುಂದೆ ನಿಂತಿದ್ದ. ಅಂಗೈಯಲ್ಲಿ ಕಾಳಿತ್ತು. ಒಂದೇ ಗಾತ್ರದ, ಬಿರುಕಿಲ್ಲದ, ಒಣಗಿದ ಕಾಳು. ಸೀಮೆಸುಣ್ಣ ಹಿಡಿದ ಕೈ ಬಹಳ ಹೊತ್ತು ಚೀಲದ ಹತ್ತಿರವೇ ನಿಂತಿತ್ತು.

ಮರುದಿನ ಆ್ಯಪ್ ತೆರೆದರೆ ಬರೀ ಬಿಳಿ. ಉಳಿದದ್ದರಲ್ಲಿ ಮಾತು ಸ್ಪಷ್ಟವಿದ್ದ ಹೆಣ್ಣುದನಿ ಒಂದೇ, ಜಾಹೀರಾತಿನದು. ಅದರ ಕೆಳಗೆ ದರ್ಜೆಯಪ್ಪ ಕೊಟ್ಟ ಐದು ನಕ್ಷತ್ರ ಹಾಗೆಯೇ ಇತ್ತು. ಅದನ್ನು ಬದಲಾಯಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ಅವನು ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಏನೋ ಬರೆದು ಒತ್ತಿದಳು. ಕುಣಿಯುವ ಸಂಗೀತದ ಜೊತೆ ಒಬ್ಬ ಗಂಡಸು ಹಾಸಿಗೆಯ ಗುಣಗಾನ ಶುರುಮಾಡಿದ: ಬೆನ್ನುನೋವಿಲ್ಲ, ಸುಖನಿದ್ರೆ, ಇಂದೇ ಕೊಳ್ಳಿ. ಅವಳು ಫೋನನ್ನು ಮುಂದಕ್ಕೆ ಚಾಚಿ, ಇನ್ನೊಂದು ಕೈಯನ್ನು ತಡೆ ಎಂಬಂತೆ ಎತ್ತಿ ಹಿಡಿದು ಕಾದಳು. ಅವನೂ ಕೊಡಲಿ ಕೆಳಗಿಟ್ಟು ಕಾದ. ಹಾಸಿಗೆ ಮುಗಿದು ಇನ್ನೊಂದು ಶುರುವಾಯಿತು, ಗೋಡೆಯ ಬಣ್ಣದ್ದು.

ಅಕ್ಕ ಕೈ ಇಳಿಸಿದಳು. ಫೋನನ್ನು ಕಿಟಕಿಯ ಮೇಲೆ ಬೋರಲು ಹಾಕಿ ಒಳಗೆ ಹೋದಳು. ಬಣ್ಣದವನು ಇನ್ನೂ ಮಾತಾಡುತ್ತಲೇ ಇದ್ದ. ಅದರ ನಡುವೆ, ಒಳಗಿನಿಂದ, ತಟ್ಟೆಯ ಮೇಲೆ ಚಮಚದ ಸದ್ದು ಕೇಳಿಸಿತು.